‘ಎಂಥಿಯೋಜನ್’: ಒಂದು ಹೆಸರಿನ ಇತಿವೃತ್ತ

ನಮ್ಮ ಹಳ್ಳಿಗಳ ಆಡುಮಾತಿನಲ್ಲಿ ‘ಮದ್ದು’ ಎಂಬುದೊಂದು ಪುಟ್ಟ ಶಬ್ದ. ಮಗುವಿಗೆ ಕೆಮ್ಮು ಬಂದಾಗ ಅಜ್ಜಿ ಅರೆದು ಕುಡಿಸುವುದೂ ಮದ್ದೇ; ವೈರಿಯು ಅನ್ನದಲ್ಲಿ ಬೆರೆಸಿ ಇಕ್ಕಿದನೆಂದು ಜನ ಅಂಜುವ ಕೈಮದ್ದು, ಇಡುಮದ್ದುಗಳೂ ಮದ್ದೇ; ತೋಪಿನ ಬಾಯಿಗೆ ತುಂಬುವ ಕರಿಯ ಪುಡಿಯೂ ಮದ್ದೇ. ಕಾಯುವುದಕ್ಕೂ ಕೊಲ್ಲುವುದಕ್ಕೂ ಸಿಡಿಯುವುದಕ್ಕೂ ಒಂದೇ ಹೆಸರನ್ನಿಟ್ಟ ನಮ್ಮ ಹಿರಿಯರು ಪದದಾರಿದ್ರ್ಯದಿಂದ ಹಾಗೆ ಮಾಡಿದರೆಂದು ಭಾವಿಸಬೇಕಾಗಿಲ್ಲ. ವಸ್ತುವಿನ ಗುಣವು ಅದನ್ನು ಕೊಡುವ ಕೈಯನ್ನೂ ಪ್ರಮಾಣವನ್ನೂ ಸಂದರ್ಭವನ್ನೂ ಅವಲಂಬಿಸಿದೆಯೆಂಬ ಅರಿವು ಆ ಶಬ್ದದಲ್ಲಿಯೇ ಅಡಗಿದೆ. ಪ್ರಾಚೀನ ಗ್ರೀಕರ ‘ಫಾರ್ಮಕಾನ್’ ಶಬ್ದಕ್ಕೂ ಔಷಧ, ವಿಷ, ಮಾಟ ಎಂಬ ಅರ್ಥಗಳೆಲ್ಲ ಇದ್ದುವೆಂಬುದು ಸ್ಮರಣೀಯ.

‘ಅಮಲು’ ಎಂಬ ಶಬ್ದದ ಕಥೆ ಇನ್ನೂ ಸ್ವಾರಸ್ಯಕರವಾದುದು. ಅರಬ್ಬಿಯಲ್ಲಿ ಇದರ ಮೂಲಾರ್ಥ ಕಾರ್ಯ, ಕ್ರಿಯೆ ಎಂದು. ಪಾರಸಿ ಉರ್ದುಗಳ ಮೂಲಕ ಕನ್ನಡಕ್ಕೆ ಬಂದ ಈ ಪದವು ಒಂದು ಕಡೆ ಆಡಳಿತವೆಂಬ ಅರ್ಥ ತಾಳಿ ಹಳೆಯ ಮೈಸೂರಿನ ತಾಲ್ಲೂಕುಗಳಲ್ಲಿ ‘ಅಮಲ್ದಾರ’ನಾಗಿ ಕುಳಿತಿತು, ಇನ್ನೊಂದು ಕಡೆ ದೇಹದಲ್ಲಿ ತನ್ನ ಕಾರ್ಯವನ್ನು ನಡೆಸುವ ವಸ್ತುವಿನ ಪರಿಣಾಮವೆಂಬ ಅರ್ಥದಲ್ಲಿ ಮತ್ತಿಗೆ ಪರ್ಯಾಯವಾಯಿತು. ‘ಅಧಿಕಾರದ ಅಮಲು’ ಎಂದು ನಾವು ಹೇಳುವಾಗ ಬೇರೆ ಬೇರೆ ದಾರಿ ಹಿಡಿದಿದ್ದ ಆ ಎರಡು ಅರ್ಥಗಳನ್ನು ಅರಿವಿಲ್ಲದೆಯೇ ಮತ್ತೆ ಕೂಡಿಸುತ್ತೇವೆ.

ಮನಸ್ಸಿನ ಸ್ಥಿತಿಯನ್ನು ಮಾರ್ಪಡಿಸುವ ವಸ್ತುಗಳಿಗೆ ಹೆಸರಿಡುವುದೆಂದರೆ ಅವುಗಳ ಮೇಲೆ ತೀರ್ಪು ಕೊಟ್ಟಂತೆಯೇ. ಇಪ್ಪತ್ತನೆಯ ಶತಮಾನದಲ್ಲಿ ಪಾಶ್ಚಾತ್ಯ ವಿದ್ವಾಂಸರು ಇಂತಹ ಒಂದು ತೀರ್ಪಿನಿಂದ ಬಿಡುಗಡೆ ಹೊಂದುವುದಕ್ಕಾಗಿಯೇ ಹೊಸ ಪದವೊಂದನ್ನು ಟಂಕಿಸಿದರು. ಅದೇ ‘ಎಂಥಿಯೋಜನ್’. ಅದು ಏಕೆ ಬೇಕಾಯಿತು, ಬಂದಮೇಲೆ ಅದರ ಗತಿ ಏನಾಯಿತು ಎಂಬುದನ್ನು ಇಲ್ಲಿ ವಿವೇಚಿಸಬೇಕಾಗಿದೆ.

ಹೊಸ ಪದದ ಅಗತ್ಯವನ್ನು ಅರಿಯಬೇಕಾದರೆ ಅದಕ್ಕೆ ಮುಂಚೆ ಇದ್ದ ಪದಗಳನ್ನು ನೋಡಬೇಕು. ಬರ್ಲಿನ್ ನಗರದ ಔಷಧವಿಜ್ಞಾನಿ ಲೂಯಿಸ್ ಲೆವಿನ್ ೧೯೨೪ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಬಗೆಯ ದ್ರವ್ಯಗಳನ್ನು ಐದು ವರ್ಗಗಳಾಗಿ ವಿಂಗಡಿಸಿ, ದೃಶ್ಯಗಳನ್ನು ಕಾಣಿಸುವಂಥವುಗಳನ್ನು ‘ಫ್ಯಾಂಟಾಸ್ಟಿಕ’ ಎಂದು ಕರೆದನು. ಕಲ್ಪನೆ ಎಂಬ ಅರ್ಥದ ಆ ಹೆಸರು ಹೆಚ್ಚು ಕಾಲ ನಿಲ್ಲಲಿಲ್ಲ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಯಾಂಡೋಜ್ ಸಂಸ್ಥೆಯ ರಸಾಯನವಿಜ್ಞಾನಿ ಆಲ್ಬರ್ಟ್ ಹಾಫ್‌ಮನ್ ೧೯೩೮ರಲ್ಲಿ ಎಲ್‌ಎಸ್‌ಡಿ ಎಂಬ ಸಂಯುಕ್ತವನ್ನು ತಯಾರಿಸಿದನು. ಅದರ ಮಾನಸಿಕ ಪರಿಣಾಮ ಅವನ ಅನುಭವಕ್ಕೆ ಬಂದದ್ದು ೧೯೪೩ರ ಏಪ್ರಿಲ್ ತಿಂಗಳಲ್ಲಿ. ಆ ಬಳಿಕ ಮನೋವೈದ್ಯರು ಈ ದ್ರವ್ಯವನ್ನು ಹುಚ್ಚಿನ ಅನುಭವವನ್ನು ತಾತ್ಕಾಲಿಕವಾಗಿ ತಂದುಕೊಡುವ ಸಾಧನವೆಂದು ಬಗೆದರು. ರೋಗಿಯ ಒಳಜಗತ್ತನ್ನು ಅರಿಯಲು ವೈದ್ಯನೇ ಇದನ್ನು ಸೇವಿಸಿ ನೋಡಬಹುದೆಂಬ ಸಲಹೆಯೂ ಔಷಧದ ಜೊತೆಗಿನ ಪತ್ರಿಕೆಯಲ್ಲಿತ್ತು. ಹೀಗಾಗಿ ‘ಉನ್ಮಾದವನ್ನು ಅನುಕರಿಸುವುದು’ ಎಂಬ ಅರ್ಥದ ‘ಸೈಕೋಟೊಮಿಮೆಟಿಕ್’ ಎಂಬ ಭಾರವಾದ ಪದ ಬಂದಿತು. ಬಳಕೆಗೆ ಬಂದ ಇನ್ನೊಂದು ಪದ ‘ಹ್ಯಾಲುಸಿನೋಜನ್’. ಲ್ಯಾಟಿನ್ ಭಾಷೆಯಲ್ಲಿ ಅದರ ಮೂಲಧಾತುವಿಗೆ ಮನಸ್ಸು ಅಲೆಯುವುದು, ಅಸಂಬದ್ಧವಾಗಿ ಆಡುವುದು ಎಂದರ್ಥ. ಕನ್ನಡದಲ್ಲಿ ಇದನ್ನೇ ‘ಭ್ರಮಾಜನಕ’ ಎಂದಿದ್ದೇವೆ. ಒಂದು ಪದ ಹುಚ್ಚೆಂದಿತು, ಇನ್ನೊಂದು ಸುಳ್ಳೆಂದಿತು. ಪರೀಕ್ಷೆಗೆ ಮೊದಲೇ ನಿರ್ಣಯವಾಯಿತು.

ಕೆನಡಾ ದೇಶದ ಸಸ್ಕಾಚೆವಾನ್ ಪ್ರಾಂತದ ವೇಬರ್ನ್ ಎಂಬಲ್ಲಿ ಮಾನಸಿಕ ಚಿಕಿತ್ಸಾಲಯದ ವೈದ್ಯನಾಗಿದ್ದ ಹಂಫ್ರಿ ಆಸ್ಮಂಡ್ ಎಂಬ ಆಂಗ್ಲೇಯನಿಗೆ ಈ ಪದಗಳು ಸರಿಬೀಳಲಿಲ್ಲ. ಅವನೂ ಅವನ ಸಹೋದ್ಯೋಗಿಗಳೂ ಎಲ್‌ಎಸ್‌ಡಿಯನ್ನು ಮದ್ಯವ್ಯಸನಿಗಳ ಚಿಕಿತ್ಸೆಗೆ ಬಳಸುತ್ತಿದ್ದರು. ಒಂದು ಅಮಲನ್ನು ಬಿಡಿಸಲು ಇನ್ನೊಂದನ್ನು ತರುವುದು ವಿಚಿತ್ರವೆನಿಸಬಹುದಾದರೂ, ಮುಳ್ಳನ್ನು ಮುಳ್ಳಿನಿಂದಲೇ ತೆಗೆಯುವುದು ನಮಗೆ ಹೊಸದಲ್ಲ. ೧೯೫೩ರ ಮೇ ತಿಂಗಳಲ್ಲಿ ಆಸ್ಮಂಡ್ ಪ್ರಸಿದ್ಧ ಲೇಖಕ ಆಲ್ಡಸ್ ಹಕ್ಸ್ಲಿಗೆ ಮೆಸ್ಕಲಿನ್ ಕೊಟ್ಟನು. ಆ ಅನುಭವವನ್ನು ಹಕ್ಸ್ಲಿ ಮರುವರ್ಷ ಪುಸ್ತಕವಾಗಿ ಬರೆದನು. ೧೯೫೬ರಲ್ಲಿ ಇವರಿಬ್ಬರ ನಡುವೆ ಹೊಸ ಹೆಸರಿನ ಬಗ್ಗೆ ಪತ್ರವ್ಯವಹಾರ ನಡೆಯಿತು. ಪ್ರಾಸಬದ್ಧ ದ್ವಿಪದಿಗಳಲ್ಲಿ ಅವರು ಪರಸ್ಪರ ಹೆಸರುಗಳನ್ನು ಸೂಚಿಸಿದುದು ಇಬ್ಬರ ವಿನೋದಪ್ರವೃತ್ತಿಗೂ ಸಾಕ್ಷಿ. ಹಕ್ಸ್ಲಿ ಸೂಚಿಸಿದ ‘ಫ್ಯಾನೆರೊಥೈಮ್’ ಬಿದ್ದುಹೋಯಿತು. ಆಸ್ಮಂಡನ ‘ಸೈಕೆಡೆಲಿಕ್’ ನಿಂತಿತು. ‘ಸೈಕೆ’ ಎಂದರೆ ಆತ್ಮ ಅಥವಾ ಮನಸ್ಸು; ‘ಡೆಲೋಸ್’ ಎಂದರೆ ಪ್ರಕಟವಾದುದು. ಮನಸ್ಸನ್ನು ಪ್ರಕಟಪಡಿಸುವುದು ಎಂಬರ್ಥದ ಈ ಪದವನ್ನು ಅವನು ೧೯೫೭ರಲ್ಲಿ ನ್ಯೂಯಾರ್ಕ್ ವಿಜ್ಞಾನ ಅಕಾಡೆಮಿಯ ಮುಂದಿಟ್ಟನು. ಅದರಲ್ಲಿ ರೋಗದ ಸೋಂಕಿರಲಿಲ್ಲ, ಭ್ರಮೆಯ ಆರೋಪವಿರಲಿಲ್ಲ.

ಆದರೆ ಮಗುವಿಗೆ ಇಟ್ಟ ಹೆಸರು ಚೆನ್ನಾಗಿದ್ದ ಮಾತ್ರಕ್ಕೆ ಅದರ ಸಹವಾಸವೂ ಚೆನ್ನಾಗಿರಬೇಕೆಂದಿಲ್ಲ. ಹತ್ತು ವರ್ಷಗಳೊಳಗೆ ಈ ಪದವು ವೈದ್ಯರ ಕೈಬಿಟ್ಟು ಅಮೆರಿಕದ ಬೀದಿಗೆ ಬಂದಿತು. ಹಾರ್ವರ್ಡ್ ವಿಶ್ವವಿದ್ಯಾನಿಲಯದಿಂದ ೧೯೬೩ರಲ್ಲಿ ಹೊರಬಿದ್ದ ತಿಮೊಥಿ ಲಿಯರಿಯ ಪ್ರಚಾರ, ಯುವಜನರ ಸಂಗೀತ, ಕಣ್ಣು ಕುಕ್ಕುವ ಬಣ್ಣದ ಭಿತ್ತಿಪತ್ರಗಳು ಇವೆಲ್ಲಕ್ಕೂ ‘ಸೈಕೆಡೆಲಿಕ್’ ಎಂಬುದೇ ವಿಶೇಷಣವಾಯಿತು. ಅಂಗಿಯೂ ಸೈಕೆಡೆಲಿಕ್, ಹಾಡೂ ಸೈಕೆಡೆಲಿಕ್. ೧೯೬೬ರಲ್ಲಿ ಕ್ಯಾಲಿಫೋರ್ನಿಯ ರಾಜ್ಯ ಎಲ್‌ಎಸ್‌ಡಿಯನ್ನು ನಿಷೇಧಿಸಿತು. ೧೯೭೦ರಲ್ಲಿ ಅಮೆರಿಕದ ಕೇಂದ್ರ ಶಾಸನವೂ ೧೯೭೧ರಲ್ಲಿ ವಿಶ್ವಸಂಸ್ಥೆಯ ಒಪ್ಪಂದವೂ ಬಂದುವು.

ಈ ಗದ್ದಲದ ನಡುವೆ ಕೆಲವು ವಿದ್ವಾಂಸರಿಗೆ ಬೇರೆಯೇ ಒಂದು ಸಂಕಟವಿತ್ತು. ಅವರು ಅಧ್ಯಯನ ಮಾಡುತ್ತಿದ್ದುದು ಪುರಾತನ ಜನಾಂಗಗಳ ಪೂಜಾವಿಧಿಗಳನ್ನು. ನ್ಯೂಯಾರ್ಕಿನ ಬ್ಯಾಂಕೊಂದರ ಉಪಾಧ್ಯಕ್ಷನಾಗಿದ್ದು ಅಣಬೆಗಳ ಸಾಂಸ್ಕೃತಿಕ ಇತಿಹಾಸಕ್ಕೆ ಆಯುಷ್ಯವನ್ನು ಸವೆಸಿದ ಗಾರ್ಡನ್ ವ್ಯಾಸನ್ ಇವರಲ್ಲಿ ಪ್ರಮುಖನು. ೧೯೭೮ರಲ್ಲಿ ಅವನೂ, ಹಾಫ್‌ಮನ್ನನೂ, ಬಾಸ್ಟನ್ ವಿಶ್ವವಿದ್ಯಾನಿಲಯದ ಗ್ರೀಕ್ ಪಂಡಿತ ಕಾರ್ಲ್ ರಕ್ಕನೂ ಸೇರಿ ಎಲ್ಯೂಸಿಸ್ ರಹಸ್ಯವ್ರತದ ಬಗ್ಗೆ ಒಂದು ಗ್ರಂಥವನ್ನು ಹೊರತಂದರು. ಅಥೆನ್ಸ್ ಬಳಿಯ ಎಲ್ಯೂಸಿಸ್‌ನಲ್ಲಿ ಧಾನ್ಯದೇವತೆ ಡಿಮೀಟರಳ ಹೆಸರಿನಲ್ಲಿ ಶತಶತಮಾನಗಳ ಕಾಲ ನಡೆದ ಆ ವ್ರತದಲ್ಲಿ ದೀಕ್ಷಾರ್ಥಿಗಳು ಜವೆ, ನೀರು, ಪುದೀನ ಜಾತಿಯ ಸೊಪ್ಪು ಬೆರೆತ ಪಾನೀಯವನ್ನು ಕುಡಿದು ರಾತ್ರಿ ಏನನ್ನೋ ಕಾಣುತ್ತಿದ್ದರು. ಕಂಡುದನ್ನು ಹೊರಗೆ ಹೇಳಕೂಡದು. ಜವೆಯ ತೆನೆಗೆ ಹತ್ತುವ ಒಂದು ಬೂಷ್ಟಿನಲ್ಲಿ ಎಲ್‌ಎಸ್‌ಡಿಗೆ ಸಂಬಂಧಿಸಿದ ದ್ರವ್ಯವಿರುವುದರಿಂದ, ಆ ದರ್ಶನದ ಕೀಲಿ ಅಲ್ಲಿರಬಹುದೆಂಬುದು ಈ ಮೂವರ ಊಹೆ. ಊಹೆ ಜಾಣತನದ್ದೇ ಸರಿ. ಆದರೆ ಅದು ಇಂದಿಗೂ ಸಿದ್ಧಾಂತವಾಗಿಲ್ಲ.

ಪ್ಲೇಟೋ ಕುಡಿದಿದ್ದನೆನ್ನಲಾದ ದೀಕ್ಷಾಪಾನಕ್ಕೆ ‘ಸೈಕೆಡೆಲಿಕ್’ ಎನ್ನುವುದು ಹೇಗೆ? ಬೀದಿಯ ಹುಡುಗರ ಅಂಗಿಗೆ ಅಂಟಿದ ಪದವನ್ನು ಯಾವುದೋ ಬುಡಕಟ್ಟಿನ ವೃದ್ಧ ವೈದ್ಯನ ಪೂಜಾದ್ರವ್ಯಕ್ಕೆ ಅಂಟಿಸುವುದು ಹೇಗೆ? ೧೯೭೯ರಲ್ಲಿ ರಕ್, ವ್ಯಾಸನ್, ಜೊನಾಥನ್ ಆಟ್, ಜೆರೆಮಿ ಬಿಗ್‌ವುಡ್, ಡ್ಯಾನಿ ಸ್ಟೇಪಲ್ಸ್ ಎಂಬ ಐವರು ಒಂದು ಸಣ್ಣ ಲೇಖನದಲ್ಲಿ ಈ ಆಕ್ಷೇಪವನ್ನು ಮಂಡಿಸಿ ‘ಎಂಥಿಯೋಜನ್’ ಎಂಬ ಪದವನ್ನು ಸೂಚಿಸಿದರು. ಗ್ರೀಕ್ ಭಾಷೆಯ ‘ಎಂಥಿಯೋಸ್’ ಎಂದರೆ ಒಳಗೆ ದೇವರುಳ್ಳವನು, ದೈವಾವಿಷ್ಟನು. ಪ್ರವಾದಿ, ಕವಿ, ಪ್ರೇಮಿ ಇವರ ಆವೇಶವನ್ನು ಗ್ರೀಕರು ಈ ಶಬ್ದದಿಂದ ಹೇಳುತ್ತಿದ್ದರು. ಇಂಗ್ಲಿಷಿನ ‘ಎಂಥೂಸಿಯಾಸಂ’ ಎಂಬ ಮಾತು ಇದರ ದಾಯಾದಿಯೇ. ಅದಕ್ಕೆ ಹುಟ್ಟಿಸುವುದೆಂಬ ಅರ್ಥದ ಪ್ರತ್ಯಯವನ್ನು ಹಚ್ಚಿದಾಗ ‘ಒಳಗೆ ದೇವರನ್ನು ಉಂಟುಮಾಡುವುದು’ ಎಂದಾಗುತ್ತದೆ. ಕಟ್ಟುನಿಟ್ಟಿನ ಅರ್ಥದಲ್ಲಿ ಧಾರ್ಮಿಕ ವಿಧಿಗಳಲ್ಲಿ ಬಳಕೆಯಾದುದೆಂದು ತೋರಿಸಬಹುದಾದ ದರ್ಶನಕಾರಿ ದ್ರವ್ಯಗಳಿಗೆ ಮಾತ್ರ ಈ ಹೆಸರು ಸಲ್ಲಬೇಕೆಂದೂ, ಸಡಿಲವಾದ ಅರ್ಥದಲ್ಲಿ ಅದೇ ಬಗೆಯ ಪರಿಣಾಮವುಳ್ಳ ಇತರ ದ್ರವ್ಯಗಳಿಗೂ ಅನ್ವಯಿಸಬಹುದೆಂದೂ ಅವರು ಹೇಳಿದರು.

ಈ ಎರಡನೆಯ ರಿಯಾಯಿತಿಯೇ ಎಡವಟ್ಟಾಯಿತೆಂದು ನನ್ನ ಅಭಿಪ್ರಾಯ. ಮೊದಲ ಅರ್ಥದಲ್ಲಿ ಹೆಸರು ಬಳಕೆಯನ್ನು ಅವಲಂಬಿಸಿದೆ, ಎರಡನೆಯದರಲ್ಲಿ ವಸ್ತುವನ್ನು. ಇವೆರಡರ ನಡುವಣ ಅಂತರ ಎಷ್ಟೆಂಬುದನ್ನು ಮೆಕ್ಸಿಕೋ ದೇಶದ ಒಂದು ಬೆಟ್ಟದೂರಿನ ಕಥೆಯಿಂದ ತಿಳಿಯಬಹುದು.

ಹದಿನಾರನೆಯ ಶತಮಾನದಲ್ಲಿ ಮೆಕ್ಸಿಕೋಗೆ ಬಂದ ಸ್ಪೇನಿನ ಪಾದ್ರಿಗಳು ಅಲ್ಲಿಯ ಜನ ಒಂದು ಜಾತಿಯ ಅಣಬೆಯನ್ನು ವಿಧಿಪೂರ್ವಕವಾಗಿ ತಿನ್ನುವುದನ್ನು ಕಂಡರು. ನಹುವಾಟ್ಲ್ ಭಾಷೆಯಲ್ಲಿ ಅದರ ಹೆಸರು ‘ತೆಯೊನನಾಕಾಟ್ಲ್’. ಮೊತೊಲಿನಿಯ ಎಂಬ ಪಾದ್ರಿಯು ಇದಕ್ಕೆ ದೇವರ ಮಾಂಸ ಎಂದು ಅರ್ಥ ಹೇಳಿ, ಆ ದೇವರೆಂದರೆ ಅವರು ಪೂಜಿಸುವ ಪಿಶಾಚಿಯೇ ಎಂದು ಸೇರಿಸಿದನು. ತಮ್ಮ ಪ್ರಭುಭೋಜನ ಸಂಸ್ಕಾರದ ಅಣಕವನ್ನು ಆ ಹೆಸರಿನಲ್ಲಿ ಕಂಡವರಿಗೆ ಬೇರೆ ಅರ್ಥ ಹೊಳೆಯುವಂತಿರಲಿಲ್ಲ. ೧೬೨೦ರಲ್ಲಿ ಮೆಕ್ಸಿಕೋದ ಧರ್ಮವಿಚಾರಣಾ ಮಂಡಲಿಯು ಪೆಯೋಟೆ ಎಂಬ ಕಳ್ಳಿಗಿಡದ ಸೇವನೆಯನ್ನು ನಿಷೇಧಿಸಿತು. ಅಣಬೆಯ ವಿಧಿಯು ಬೆಟ್ಟಗಳ ಮರೆಯಲ್ಲಿ ಉಳಿದುಕೊಂಡಿತು.

೧೯೫೫ರ ಜೂನ್ ತಿಂಗಳ ಕೊನೆಯಲ್ಲಿ ಓಹಾಕಾ ಪ್ರಾಂತದ ಹುವಾಟ್ಲ ಎಂಬ ಊರಿನಲ್ಲಿ ಮಸಾಟೆಕ್ ಜನಾಂಗದ ಮರಿಯಾ ಸಬೀನ ಎಂಬ ವೈದ್ಯಸ್ತ್ರೀ ನಡೆಸಿದ ರಾತ್ರಿಪೂಜೆಯಲ್ಲಿ ವ್ಯಾಸನ್ ಅಣಬೆಯನ್ನು ಸೇವಿಸಿದನು. ೧೯೫೭ರ ಮೇ ತಿಂಗಳಲ್ಲಿ ‘ಲೈಫ್’ ವಾರಪತ್ರಿಕೆಯಲ್ಲಿ ಅವನ ಸಚಿತ್ರ ಲೇಖನ ಬಂದಿತು. ಅವಳ ಹೆಸರನ್ನು ಅವನು ಮರೆಮಾಚಿದ್ದನು. ಆದರೂ ಊರು ಪತ್ತೆಯಾಯಿತು. ಮರುವರ್ಷ ಹಾಫ್‌ಮನ್ ಆ ಅಣಬೆಯಿಂದ ಸೈಲೊಸೈಬಿನ್ ಎಂಬ ಸಾರವನ್ನು ಬೇರ್ಪಡಿಸಿದನು. ಅರವತ್ತರ ದಶಕದಲ್ಲಿ ದೂರದೇಶಗಳ ಯುವಕರು ತಂಡತಂಡವಾಗಿ ಹುವಾಟ್ಲಕ್ಕೆ ಬಂದರು. ಅವರ ಹಿಂದೆ ಪೊಲೀಸರು ಬಂದರು. ಊರವರು ಇದಕ್ಕೆಲ್ಲ ಆಕೆಯೇ ಕಾರಣಳೆಂದರು. ಆಕೆಯ ಮನೆಗೆ ಬೆಂಕಿ ಬಿದ್ದಿತು. ಆಕೆ ೧೯೮೫ರಲ್ಲಿ ತೀರಿಕೊಂಡಳು.

ಆಕೆ ಅಣಬೆಗಳನ್ನು ಪವಿತ್ರ ಮಕ್ಕಳು ಎಂದು ಕರೆಯುತ್ತಿದ್ದಳು. ಮಸಾಟೆಕ್ ಭಾಷೆಯ ಹೆಸರಿನಲ್ಲಿಯೂ ಗೌರವ ಮತ್ತು ಮುದ್ದು ಎರಡೂ ಬೆರೆತಿವೆಯೆಂದು ವ್ಯಾಸನ್ನನೇ ಬರೆದಿದ್ದಾನೆ. ಅಪಾಯಕರವಾದುದನ್ನು ಬಂಧುವಾಚಕದಿಂದ ಕರೆಯುವುದು ನಮಗೆ ಅಪರಿಚಿತವೇನೂ ಅಲ್ಲ; ಮೈಮೇಲೆ ಸಿಡುಬು ಎದ್ದರೆ ನಮ್ಮ ತಾಯಂದಿರು ‘ಅಮ್ಮ ಬಂದಿದ್ದಾಳೆ’ ಎನ್ನುತ್ತಿದ್ದರು. ಮರಿಯಾ ಸಬೀನಳಿಗೆ ಆ ಮಕ್ಕಳು ಬೇಕಾದುದು ರೋಗಿಯ ನೋವಿನ ಕಾರಣವನ್ನು ಅರಿಯುವುದಕ್ಕೆ. ಬಂದವರಾದರೋ ರೋಗಿಗಳಲ್ಲ, ದೇವರನ್ನು ಕಾಣಬೇಕೆಂದು ಬಂದವರು. ಅನ್ಯರು ಬಂದಂದಿನಿಂದ ಆ ಮಕ್ಕಳು ಸತ್ತ್ವ ಕಳೆದುಕೊಂಡರೆಂದು ಆಕೆ ಮುಪ್ಪಿನಲ್ಲಿ ಹೇಳಿಕೊಂಡುದುಂಟು. ಅಣಬೆಯಲ್ಲಿದ್ದ ರಾಸಾಯನಿಕ ಸಾರ ಒಂದಿಷ್ಟೂ ಕಡಮೆಯಾಗಿರಲಿಲ್ಲವೆಂಬುದನ್ನು ನೆನೆದರೆ ಆಕೆಯ ಮಾತಿನ ತೂಕ ತಿಳಿಯುತ್ತದೆ. ‘ಎಂಥಿಯೋಜನ್’ ಎಂಬ ಗೌರವದ ಹೆಸರನ್ನು ಕೊಟ್ಟವರಲ್ಲಿ, ಆ ಬಾಗಿಲನ್ನು ಲೋಕಕ್ಕೆ ತೆರೆದ ವ್ಯಾಸನ್ನನೂ ಒಬ್ಬನೆಂಬುದು ಈ ಇತಿಹಾಸದ ನೋವಿನ ಭಾಗ.

ಇದೇ ವ್ಯಾಸನ್ ೧೯೬೮ರಲ್ಲಿ ನಮ್ಮ ವೈದಿಕ ಸೋಮದ ಮೇಲೂ ಒಂದು ದೊಡ್ಡ ಗ್ರಂಥವನ್ನು ಬರೆದು, ಸೋಮವೆಂದರೆ ಉತ್ತರದ ಕಾಡುಗಳಲ್ಲಿ ಬೆಳೆಯುವ ಕೆಂಪು ಟೊಪ್ಪಿಗೆಯ ಅಣಬೆಯೆಂದು ವಾದಿಸಿದನು. ಬ್ರಿಟಿಷ್ ಸಂಸ್ಕೃತಜ್ಞ ಜಾನ್ ಬ್ರೋ ಮೊದಲಾದವರು ಅದನ್ನು ಒಪ್ಪಲಿಲ್ಲ. ಸೋಮ ಯಾವ ಸಸ್ಯವೆಂಬ ಜಿಜ್ಞಾಸೆ ಹಾಗಿರಲಿ; ಪದದ ದೃಷ್ಟಿಯಿಂದ ಅಲ್ಲಿ ಹೆಚ್ಚಿನ ಬೆಲೆಯ ಸಂಗತಿಗಳಿವೆ. ಋಗ್ವೇದದ ಒಂಬತ್ತನೆಯ ಮಂಡಲದ ೧೧೪ ಸೂಕ್ತಗಳೂ ಸೋಮಕ್ಕೆ ಮೀಸಲಾಗಿದ್ದು, ಸೋಮಪಾನದಿಂದ ದೇವತೆಗಳಿಗೆ ಉಂಟಾಗುವ ಉಲ್ಲಾಸವನ್ನು ಋಷಿಗಳು ‘ಮದ’ ಎಂದಿದ್ದಾರೆ. ಅಲ್ಲಿ ಅದು ಶ್ಲಾಘನೆಯ ಮಾತು. ಸುರೆ ಹಾಗಲ್ಲ, ಸೋಮವು ಸತ್ಯ ಮತ್ತು ಬೆಳಕು, ಸುರೆಯು ಅನೃತ ಮತ್ತು ಕತ್ತಲೆ ಎಂಬ ಭಾವ ಶತಪಥ ಬ್ರಾಹ್ಮಣದಲ್ಲಿದೆ. ಮುಂದೆ ಮೂಲಸಸ್ಯ ದೊರೆಯದಾದಾಗ ಪೂತೀಕ ಮುಂತಾದ ಪ್ರತಿನಿಧಿದ್ರವ್ಯಗಳನ್ನು ಬಳಸಬಹುದೆಂದು ಬ್ರಾಹ್ಮಣಗ್ರಂಥಗಳೇ ವಿಧಿಸಿದುವು. ದಕ್ಷಿಣದಲ್ಲಿ ಎಲೆಯಿಲ್ಲದ ಒಂದು ಹಾಲುಬಳ್ಳಿಯೇ ಸೋಮಲತೆಯಾಯಿತು. ವಸ್ತು ಬದಲಾಯಿತು, ಹೆಸರು ಉಳಿಯಿತು. ಏಕೆಂದರೆ ಹೆಸರು ಇದ್ದುದು ವಿಧಿಯಲ್ಲಿ.

‘ಮದ’ ಶಬ್ದದ ಗತಿಯಾದರೋ ಇದಕ್ಕೆ ವಿಪರೀತವಾಯಿತು. ದೇವತೆಗಳ ಉಲ್ಲಾಸವು ಕ್ರಮೇಣ ಆನೆಯ ಕೆನ್ನೆಗೆ ಇಳಿದು, ಅಲ್ಲಿಂದ ಅರಿಷಡ್ವರ್ಗದೊಳಗೆ ಸೇರಿಕೊಂಡಿತು. ಶರಣಸಾಹಿತ್ಯವನ್ನು ಬಲ್ಲವರಿಗೆ ಅಷ್ಟಮದಗಳ ಪರಿಚಯವಿದ್ದೇ ಇದೆ: ಕುಲ, ಛಲ, ಧನ, ಯೌವನ, ರೂಪ, ವಿದ್ಯೆ, ರಾಜ್ಯ, ತಪಸ್ಸು. ಈ ಎಂಟರಲ್ಲಿ ಒಂದೂ ಗಿಡವಲ್ಲ, ಅಣಬೆಯಲ್ಲ. ಚಿತ್ತವನ್ನು ಕೆಡಿಸುವುದಕ್ಕೆ ಹೊರಗಿನ ದ್ರವ್ಯವೇ ಬೇಕೆಂದಿಲ್ಲ. ತಪಸ್ಸು ಕೂಡ ಅಮಲೇರಿಸಬಲ್ಲದು. ಹಾಗಿರುವಾಗ ಒಂದು ದ್ರವ್ಯವು ಒಳಗೆ ದೇವರನ್ನು ‘ಹುಟ್ಟಿಸುತ್ತದೆ’ ಎನ್ನುವ ಪದವನ್ನು ಸ್ವಲ್ಪ ತಡೆದು ನೋಡಬೇಕಾಗುತ್ತದೆ. ಹ್ಯಾಲುಸಿನೋಜನ್ ಎಂದವರು ಕಂಡದ್ದೆಲ್ಲ ಸುಳ್ಳೆಂದರೆ, ಎಂಥಿಯೋಜನ್ ಎಂದವರು ಕಂಡದ್ದು ದೇವರೇ ಎಂದರು. ಎರಡೂ ಹೆಸರಿನ ಮಟ್ಟದಲ್ಲಿಯೇ ಆಗಿಹೋದ ನಿರ್ಣಯಗಳು. ಒಂದು ತೀರ್ಪಿನಿಂದ ತಪ್ಪಿಸಿಕೊಳ್ಳಲು ಹೊರಟವರು ಇನ್ನೊಂದರೊಳಗೆ ಸಿಲುಕಿದರು. ಆದರೂ ಅವರ ಮೊದಲ, ಕಟ್ಟುನಿಟ್ಟಿನ ಅರ್ಥವನ್ನು ನಾನು ಗೌರವಿಸುತ್ತೇನೆ. ಬೇರೊಬ್ಬರ ಪೂಜೆಯನ್ನು ಬೀದಿಯ ಮಾತಿನಿಂದ ಕರೆಯಬಾರದೆಂಬ ಸಂಕೋಚ ಅದರಲ್ಲಿದೆ.

ಇದೆಲ್ಲ ಪಂಡಿತರ ಶಬ್ದವ್ಯಾಪಾರವೆಂದು ಯಾರಾದರೂ ತಳ್ಳಿಹಾಕುವಂತಿಲ್ಲ. ನ್ಯಾಯಾಲಯದ ಕಟಕಟೆಯಲ್ಲಿ ಹೆಸರಿನ ಮೇಲೆ ಮನುಷ್ಯರ ಅನ್ನವೂ ಸ್ವಾತಂತ್ರ್ಯವೂ ನಿಂತಿರುತ್ತವೆ. ಅಮೆರಿಕದ ಮೂಲನಿವಾಸಿಗಳು ೧೯೧೮ರಲ್ಲಿ ಒಕ್ಲಹೋಮದಲ್ಲಿ ತಮ್ಮದೇ ಆದ ಧರ್ಮಸಭೆಯನ್ನು ನೋಂದಾಯಿಸಿದರು. ಅವರು ಪೆಯೋಟೆಯನ್ನು ಮಾದಕವೆನ್ನುವುದಿಲ್ಲ, ಎಂಥಿಯೋಜನ್ ಎಂದೂ ಅನ್ನುವುದಿಲ್ಲ, ಔಷಧವೆನ್ನುತ್ತಾರೆ. ಇಂತಹ ಪೂಜೆಯಲ್ಲಿ ಪೆಯೋಟೆ ಸೇವಿಸಿದುದಕ್ಕಾಗಿ ಆರೆಗನ್ ರಾಜ್ಯದಲ್ಲಿ ಇಬ್ಬರು ಕೆಲಸ ಕಳೆದುಕೊಂಡರು. ನಿರುದ್ಯೋಗ ಭತ್ಯವನ್ನೂ ಅವರಿಗೆ ನಿರಾಕರಿಸಲಾಯಿತು. ೧೯೯೦ರಲ್ಲಿ ಅಲ್ಲಿಯ ಸರ್ವೋಚ್ಚ ನ್ಯಾಯಾಲಯ ರಾಜ್ಯದ ಪರವಾಗಿಯೇ ತೀರ್ಪಿತ್ತಿತು. ೧೯೯೪ರಲ್ಲಿ ಶಾಸನಸಭೆಯು ಮೂಲನಿವಾಸಿಗಳ ಧಾರ್ಮಿಕ ಬಳಕೆಗೆ ವಿನಾಯಿತಿ ಕೊಟ್ಟಿತು. ಬ್ರೆಜಿಲ್ ಮೂಲದ ಇನ್ನೊಂದು ಧರ್ಮಸಭೆಯ ಪೂಜಾಪಾನದ ವಿಷಯದಲ್ಲಿ ೨೦೦೬ರಲ್ಲಿ ಅದೇ ನ್ಯಾಯಾಲಯ ಸಭೆಯ ಪರವಾಗಿ ನಿಂತಿತು.

ನಮ್ಮಲ್ಲಿಯೂ ಹೆಸರುಗಳ ಗೆರೆ ಸೂಕ್ಷ್ಮವಾದುದೇ. ೧೯೮೫ರ ಮಾದಕದ್ರವ್ಯ ಶಾಸನದ ವ್ಯಾಖ್ಯೆಯಂತೆ ಗಿಡದ ಹೂವಿನ ತೆನೆ ಗಾಂಜಾ. ತೆನೆಯಿಲ್ಲದ ಬರಿಯ ಎಲೆ ಆ ಹೆಸರಿನೊಳಗೆ ಬರುವುದಿಲ್ಲ. ಆಯುರ್ವೇದವು ‘ವಿಜಯಾ’ ಎಂದೂ ನಮ್ಮ ಜನ ಭಂಗಿಸೊಪ್ಪು ಎಂದೂ ಕರೆದ ಎಲೆಯಿಂದಾದ ಭಾಂಗು ಆ ಶಾಸನದ ವ್ಯಾಪ್ತಿಗೆ ಬರುವುದಿಲ್ಲವೆಂಬ ನಿಲುವನ್ನು ೨೦೨೨ರಲ್ಲಿ ಕರ್ನಾಟಕ ಉಚ್ಚ ನ್ಯಾಯಾಲಯವು ಒಂದು ಜಾಮೀನು ಪ್ರಕರಣದಲ್ಲಿ ತಳೆಯಿತು. ಗಿಡ ಒಂದೇ, ತೆನೆಗೊಂದು ನ್ಯಾಯ, ಎಲೆಗೊಂದು ನ್ಯಾಯ.

ಐವರು ಕೊಟ್ಟ ಹೆಸರು ಏನಾಯಿತು? ಅದು ಧರ್ಮೇತಿಹಾಸದ ಗ್ರಂಥಗಳಲ್ಲಿ ನೆಲೆಗೊಂಡಿತು. ಸಡಿಲವಾದ ಅರ್ಥವೂ ತನ್ನ ದಾರಿ ಹಿಡಿಯಿತು. ೨೦೧೯ರಲ್ಲಿ ಕ್ಯಾಲಿಫೋರ್ನಿಯದ ಓಕ್‌ಲೆಂಡ್ ನಗರಸಭೆಯು ಇಂತಹ ಸಸ್ಯಗಳ ಮೇಲಿನ ಪೊಲೀಸ್ ಕ್ರಮವನ್ನು ಸಡಿಲಿಸಿದ ಠರಾವಿನಲ್ಲಿ ಈ ಪದವನ್ನೇ ಬಳಸಿತು. ವೈದ್ಯರು ಮಾತ್ರ ಆಸ್ಮಂಡನ ಪದಕ್ಕೇ ಮರಳಿದ್ದಾರೆ. ೨೦೨೩ರ ಜುಲೈ ತಿಂಗಳಿಂದ ಆಸ್ಟ್ರೇಲಿಯದಲ್ಲಿ ಅಧಿಕೃತ ಮನೋವೈದ್ಯರು ಬೇರೆ ಚಿಕಿತ್ಸೆಗೆ ಬಗ್ಗದ ಖಿನ್ನತೆಗೆ ಸೈಲೊಸೈಬಿನ್ ಕೊಡಬಹುದಾಗಿದೆ. ಅಲ್ಲಿ ಅದಕ್ಕೆ ‘ಸೈಕೆಡೆಲಿಕ್’ ಚಿಕಿತ್ಸೆಯೆಂದೇ ಹೆಸರು. ಮೆಸ್ಕಲಿನ್ ಕೊಟ್ಟು ಹೆಸರನ್ನೂ ಕೊಟ್ಟ ಆಸ್ಮಂಡ್ ಇದನ್ನು ನೋಡಲು ಉಳಿದಿರಲಿಲ್ಲ, ೨೦೦೪ರಲ್ಲಿಯೇ ತೀರಿಕೊಂಡಿದ್ದನು. ಇನ್ನು ಎಂಥಿಯೋಜನ್ ಪದವನ್ನು ಮೊದಲು ಅಚ್ಚುಹಾಕಿದ ನಿಯತಕಾಲಿಕದ ಹೆಸರಿನಲ್ಲಿಯೇ ಆಗ ‘ಸೈಕೆಡೆಲಿಕ್’ ಎಂಬ ಮಾತಿದ್ದಿತು. ೧೯೮೧ರಲ್ಲಿ ಅದರ ಸಂಪಾದಕರು ಆ ಮಾತನ್ನು ಕೈಬಿಟ್ಟರು. ಹೊಸ ಪದವನ್ನೂ ತೆಗೆದುಕೊಳ್ಳದೆ, ‘ಮನಸ್ಸಿನ ಮೇಲೆ ಕ್ರಿಯೆ ನಡೆಸುವುದು’ ಎಂಬಷ್ಟೇ ಅರ್ಥದ ‘ಸೈಕೋಆಕ್ಟಿವ್’ ಪದವನ್ನು ಆರಿಸಿಕೊಂಡರು. ಕ್ರಿಯೆ ಎಂಬುದು ನಮ್ಮ ‘ಅಮಲು’ ಶಬ್ದದ ಹಳೆಯ ಅರಬ್ಬಿ ಅರ್ಥವೇ ಆಗಿದೆ.